ಹಂಡೆಯ ಮೇಲಿನ ಬೋರ್ಡು

ಭದ್ರಾವತಿಯ ನಮ್ಮ ತವರುಮನೆಯ ಬಚ್ಚಲಲ್ಲಿ ನೀರು ಕಾಯಿಸುವ ಹಂಡೆಗೆ ಒಂದು ತಗಡಿನ ಮುಚ್ಚಳವಿದೆ. ಚೌಕಾಕಾರದ್ದು. ದುಂಡನೆಯ ಹಂಡೆಗೆ ಚೌಕದ ಮುಚ್ಚಳ ಯಾಕೆ ಎಂದು ಹೊಸಬರು ಕೇಳುತ್ತಾರೆ. ಅದನ್ನು ತಿರುಗಿಸಿ ನೋಡಿದರೆ ಉತ್ತರ ಸಿಗುತ್ತದೆ. ಹೊಗೆ ಹಿಡಿದ ಹಸಿರು ಬಣ್ಣದ ಮೇಲೆ ಬಿಳಿಯ ಅಕ್ಷರಗಳಲ್ಲಿ ನಮ್ಮ ಅತ್ತಿಗೆಯ ಹೆಸರು, ಅದರ ಕೆಳಗೆ 'ಪುರಸಭಾ ಸದಸ್ಯರು' ಎಂಬ ಬರಹ.

"ಗೇಟಿನ ಮೇಲೆ ಐದು ವರ್ಷ ಇತ್ತು. ಹಂಡೆ ಮೇಲೆ ಇಪ್ಪತ್ತು ವರ್ಷಕ್ಕೂ ಮೇಲಾಯ್ತು. ಎಲ್ಲಿ ಸೇವೆ ಜಾಸ್ತಿ ಮಾಡ್ತು ನೀನೇ ಹೇಳು" ಎಂದು ಅತ್ತಿಗೆ ನಗುತ್ತಾರೆ. ಅವರು ನಗುವಾಗ ನನಗೆ ಮಾತ್ರ ಅಷ್ಟು ಸಲೀಸಾಗಿ ನಗು ಬರುವುದಿಲ್ಲ.

ಶಿವಮೊಗ್ಗಕ್ಕೆ ಸೊಸೆಯಾಗಿ ಬಂದು ನಲವತ್ತು ವರ್ಷವಾದರೂ ತವರು ದೂರವಾಗಲಿಲ್ಲ. ಬಸ್ಸಿನಲ್ಲಿ ಕೂತು ಪಕ್ಕದವರೊಡನೆ ಸುಖದುಃಖ ಮಾತಾಡಿ ಮುಗಿಯುವಷ್ಟರಲ್ಲಿ ಭದ್ರಾವತಿ ಬಂದಿರುತ್ತದೆ. ಹಾಗೆ ಹೋದಾಗಲೆಲ್ಲ ಸ್ನಾನಕ್ಕೆಂದು ಆ ಮುಚ್ಚಳ ಎತ್ತುತ್ತೇನೆ. ಎತ್ತಿದಾಗಲೆಲ್ಲ ಒಂದೇ ಯೋಚನೆ. ಜನ ಆರಿಸಿ ಕಳಿಸಿದವರು ಎಷ್ಟು ಕಾಲ ಕುರ್ಚಿಯಲ್ಲಿ ಇರಬೇಕು? ಸಾಕು, ಇನ್ನು ಏಳಿ ಎನ್ನುವ ಹಕ್ಕು ಯಾರದು?

ನಮ್ಮಪ್ಪ ಕಬ್ಬಿಣದ ಕಾರ್ಖಾನೆಯಲ್ಲಿದ್ದವರು. 58 ತುಂಬಿದ ತಿಂಗಳ ಕೊನೆಯ ದಿನ ಕೊರಳಲ್ಲಿ ಹಾರ, ಕೈಯಲ್ಲಿ ಒಂದು ಗೋಡೆ ಗಡಿಯಾರ ಹಿಡಿದು ಮನೆಗೆ ಬಂದರು. ಮರುದಿನ ಬೆಳಿಗ್ಗೆ ಸೈರನ್ ಕೂಗಿದಾಗ ಅಭ್ಯಾಸಬಲದಿಂದ ಎದ್ದು, ಮುಖ ತೊಳೆದು, ಬುತ್ತಿ ಡಬ್ಬಿಗಾಗಿ ಕಾಯುತ್ತ ಜಗಲಿಯಲ್ಲಿ ಕೂತುಬಿಟ್ಟಿದ್ದರು. ಅಮ್ಮ ಏನೂ ಹೇಳದೆ ಒಂದು ಲೋಟ ಕಾಫಿ ತಂದಿಟ್ಟಳು. ಆ ದಿನಗಳಲ್ಲೇ ಒಮ್ಮೆ ನಾನು, "ಎಮ್ಮೆಲ್ಲೆಗಳಿಗೆ ರಿಟೈರ್‌ಮೆಂಟ್ ಇಲ್ವೇನಪ್ಪಾ?" ಎಂದು ಕೇಳಿದ್ದೆ. "ಇದೆಯಲ್ಲ, ಎಲೆಕ್ಷನ್ನು" ಎಂದಿದ್ದರು. ಅದು ಬಹಳ ಸರಿಯಾದ ಉತ್ತರ ಎಂದು ನಾನು ಎಷ್ಟೋ ವರ್ಷ ನಂಬಿದ್ದೆ. ಅವರ ಕಾರ್ಖಾನೆಗೆ ಹೆಸರಾದ ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದದ್ದು 1912ರಿಂದ 1918ರವರೆಗೆ, ಬರೀ ಆರು ವರ್ಷ. ಓಟು ಹಾಕಿಸಿಕೊಂಡು ಬಂದವರಲ್ಲ, ನಿಜ. ಆದರೆ ತಾವಾಗಿ ರಾಜೀನಾಮೆ ಕೊಟ್ಟು ಎದ್ದವರು. ಹಾಗೆ ಏಳುವವರನ್ನು ಆಮೇಲೆ ನಾವು ಹೆಚ್ಚು ಜನರನ್ನು ಕಾಣಲಿಲ್ಲ.

ನಮ್ಮ ಸಂವಿಧಾನದಲ್ಲಿ ಶಾಸಕರಾಗಲು 25 ವರ್ಷ ತುಂಬಿರಬೇಕು ಎಂದಿದೆ. ಎಷ್ಟು ಸಲ ಆಗಬಹುದು, ಯಾವ ವಯಸ್ಸಿಗೆ ಬಿಡಬೇಕು ಎಂಬ ಮಾತಿಲ್ಲ. ಮುಖ್ಯಮಂತ್ರಿಯಾದವರಿಗೆ ಸದನದ ಬಹುಮತ ಇರುವಷ್ಟು ದಿನ ಕುರ್ಚಿ. ಪಶ್ಚಿಮ ಬಂಗಾಳದಲ್ಲಿ ಜ್ಯೋತಿ ಬಸು 1977ರಿಂದ 2000ದವರೆಗೆ ಇದ್ದರು. ಸಿಕ್ಕಿಂನಲ್ಲಿ ಪವನ್ ಚಾಮ್ಲಿಂಗ್ 1994ರಿಂದ 2019ರವರೆಗೆ ಇದ್ದರು. ಯಾವ ಕಾನೂನೂ ಅವರನ್ನು ಏಳಿ ಎನ್ನಲಿಲ್ಲ.

ನಮ್ಮ ಜಿಲ್ಲೆಯ ಕಥೆ ಇನ್ನೂ ಸ್ವಾರಸ್ಯದ್ದು. ಕಡಿದಾಳ್ ಮಂಜಪ್ಪನವರು, ಬಂಗಾರಪ್ಪನವರು, ಜೆ.ಎಚ್. ಪಟೇಲರು, ಯಡಿಯೂರಪ್ಪನವರು, ಹೀಗೆ ನಾಲ್ವರು ಮುಖ್ಯಮಂತ್ರಿಗಳನ್ನು ಕೊಟ್ಟೆವೆಂದು ನಾವು ಬೀಗುತ್ತೇವೆ. (ಪಟೇಲರ ಚನ್ನಗಿರಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯಿತು; ಆದರೂ ಅವರನ್ನು ಬಿಟ್ಟುಕೊಡಲು ನಮಗೆ ಮನಸ್ಸಿಲ್ಲ.) ಈ ನಾಲ್ವರಲ್ಲಿ ಒಬ್ಬರಾದರೂ ಆ ಕುರ್ಚಿಯಲ್ಲಿ ಒಂದೇ ಸಮನೆ ಐದು ವರ್ಷ ಕೂರಲಿಲ್ಲ. ಮಂಜಪ್ಪನವರಿಗೆ ಸಿಕ್ಕಿದ್ದು 1956ರಲ್ಲಿ ಎರಡೂವರೆ ತಿಂಗಳು. ಯಡಿಯೂರಪ್ಪನವರು ನಾಲ್ಕು ಸಲ ಪ್ರಮಾಣವಚನ ತೆಗೆದುಕೊಂಡರು. ಅದರಲ್ಲಿ ಎರಡು ಸಲ ಒಂದು ವಾರಕ್ಕಿಂತ ಹೆಚ್ಚು ಪುರಸೊತ್ತು ಸಿಗಲಿಲ್ಲ. ದೊಡ್ಡ ಕುರ್ಚಿಗೆ ಕಾನೂನು ಹಾಕದ ಮಿತಿಯನ್ನು ಪಕ್ಷದೊಳಗಿನ ಜಗಳಗಳೇ ಹಾಕಿಬಿಟ್ಟಿವೆ ಎನ್ನಬಹುದು.

ಆದರೆ ಕ್ಷೇತ್ರಗಳ ವಿಷಯ ಬೇರೆ. ಬಂಗಾರಪ್ಪನವರು 1967ರಿಂದ 1994ರವರೆಗೆ ನಡೆದ ಏಳು ವಿಧಾನಸಭಾ ಚುನಾವಣೆಗಳಲ್ಲೂ ಸೊರಬದಿಂದ ಗೆದ್ದರು. ಆಮೇಲೆ ಆ ಕ್ಷೇತ್ರವನ್ನು ಹೆಚ್ಚು ಕಾಲ ಪ್ರತಿನಿಧಿಸಿದವರು ಅವರ ಇಬ್ಬರು ಮಕ್ಕಳೇ. ಶಿಕಾರಿಪುರದಲ್ಲಿ ಯಡಿಯೂರಪ್ಪನವರು ಮೊದಲು ಗೆದ್ದದ್ದು 1983ರಲ್ಲಿ. ನಡುವೆ 1999ರಲ್ಲೊಮ್ಮೆ ಸೋತರು. 2023ರಲ್ಲಿ ಅವರ ಮಗ ಅಲ್ಲಿಂದಲೇ ಗೆದ್ದರು. ನಮ್ಮ ಭದ್ರಾವತಿಯಲ್ಲಂತೂ 1994ರಿಂದ 2023ರವರೆಗಿನ ಏಳು ಚುನಾವಣೆಗಳಲ್ಲಿ ಗೆದ್ದವರು ಇಬ್ಬರೇ, ಅಪ್ಪಾಜಿಯವರು ಮತ್ತು ಸಂಗಮೇಶ್ವರ ಅವರು. ಎರಡು ಸಲ ಇವರು, ಎರಡು ಸಲ ಅವರು, ಮತ್ತೆ ಒಮ್ಮೆ ಇವರು, ಆಮೇಲೆ ಅವರು. 2020ರಲ್ಲಿ ಅಪ್ಪಾಜಿಯವರು ತೀರಿಕೊಂಡ ಮೇಲೆ 2023ರಲ್ಲಿ ಅವರ ಪತ್ನಿ ನಿಂತು ಸೋತರು. ಅಪ್ಪ ಹೇಳಿದ 'ಎಲೆಕ್ಷನ್ನು' ಕೆಲಸ ಮಾಡಲಿಲ್ಲ ಎಂದು ಹೇಳಲಾರೆ. ಸೋಲಿಸಬೇಕು ಅನ್ನಿಸಿದಾಗ ಜನ ಸೋಲಿಸಿಯೇ ಇದ್ದಾರೆ. ಆದರೆ ಮೂವತ್ತು ವರ್ಷದಲ್ಲಿ ಮೂರನೆಯವರೊಬ್ಬರಿಗೆ ಬಾಗಿಲು ತೆರೆಯಲಿಲ್ಲ ಎಂಬುದೂ ನಿಜವೇ.

ಇನ್ನು ಹೆಂಗಸರ ಲೆಕ್ಕ. ಶಿವಮೊಗ್ಗದಿಂದ 1957ರಲ್ಲೂ 1962ರಲ್ಲೂ ವಿಧಾನಸಭೆಗೆ ಗೆದ್ದವರು ರತ್ನಮ್ಮ ಮಾಧವರಾವ್ ಎಂಬ ಹೆಣ್ಣುಮಗಳು. ಈ ಮಾತು ಹೇಳಿದರೆ ನಮ್ಮ ಬೀದಿಯ ಕಾಲೇಜು ಹುಡುಗಿಯರು ನಂಬುವುದೇ ಇಲ್ಲ. ಯಾಕೆಂದರೆ 1989ರಿಂದ ಈಚೆಗೆ ನಗರದ ಕ್ಷೇತ್ರದಲ್ಲಿ ಗೆದ್ದವರೆಲ್ಲ ಗಂಡಸರೇ. ಪಕ್ಕದ ಗ್ರಾಮಾಂತರ ಕ್ಷೇತ್ರದಲ್ಲಿ 2013 ಮತ್ತು 2023ರಲ್ಲಿ ಶಾರದಾ ಪೂರ್ಯಾನಾಯ್ಕ ಗೆದ್ದರು ಎಂಬುದೊಂದು ಸಮಾಧಾನ.

ಕುರ್ಚಿಗೆ ಗಡುವು ಹಾಕುವ ಯೋಚನೆ ಹೊಸದೇನೂ ಅಲ್ಲ. ತಮಿಳುನಾಡಿನ ಉತ್ತರಮೇರೂರಿನಲ್ಲಿ ಹತ್ತನೆಯ ಶತಮಾನದ ಚೋಳರ ಶಾಸನವೊಂದಿದೆ. ಊರಿನ ಸಮಿತಿಗಳಿಗೆ ಗಡಿಗೆಯಲ್ಲಿ ಓಲೆ ಹಾಕಿ ಚೀಟಿ ಎತ್ತಿ ಆರಿಸುವ ಕ್ರಮವನ್ನು ಅದು ಹೇಳುತ್ತದೆ. ಹಿಂದಿನ ಮೂರು ವರ್ಷಗಳಲ್ಲಿ ಸಮಿತಿಯಲ್ಲಿದ್ದವರ ಹೆಸರನ್ನು ಗಡಿಗೆಗೆ ಹಾಕುವಂತಿರಲಿಲ್ಲವಂತೆ. ತೆರಿಗೆ ಕಟ್ಟುವ ಭೂಮಿ, ಸ್ವಂತ ಮನೆ, ವೇದದ ಓದು ಇವೆಲ್ಲ ಇರಬೇಕಿತ್ತು ಎಂದಮೇಲೆ ಆ ಗಡಿಗೆಯೊಳಗೆ ನಮ್ಮ ಅತ್ತಿಗೆಯ ಓಲೆ ಬೀಳುವ ಸಂಭವ ಇರಲಿಲ್ಲ, ಬಿಡಿ.

ಅಮೆರಿಕದಲ್ಲಿ ರೂಸ್‌ವೆಲ್ಟ್ ನಾಲ್ಕು ಸಲ ಗೆದ್ದ ಮೇಲೆ, 1951ರಲ್ಲಿ, ಅಧ್ಯಕ್ಷರಾಗಿ ಎರಡು ಸಲಕ್ಕಿಂತ ಹೆಚ್ಚು ಆರಿಸಿ ಬರುವಂತಿಲ್ಲ ಎಂದು ಸಂವಿಧಾನದಲ್ಲೇ ಬರೆದರು. ಅಲ್ಲಿನ ಎಷ್ಟೋ ರಾಜ್ಯಗಳಲ್ಲಿ ಗವರ್ನರಿಗೂ ಇಂಥ ಮಿತಿ ಇದೆ. ಅಲ್ಲಿ ಗವರ್ನರ್ ಎಂದರೆ ನಮ್ಮ ರಾಜ್ಯಪಾಲರಂತಲ್ಲ, ಜನ ನೇರವಾಗಿ ಆರಿಸಿದ, ನಮ್ಮ ಮುಖ್ಯಮಂತ್ರಿಯಂಥವರು. 1990ರಿಂದ ಈಚೆಗೆ ಒಂದೊಂದೇ ರಾಜ್ಯ ಶಾಸಕರಿಗೂ ಮಿತಿ ಹಾಕುತ್ತ ಬಂತು.

ಅಲ್ಲಿನ ಅಲಬಾಮಾ ರಾಜ್ಯದ ಒಂದು ಸಂಗತಿ ಓದಿದ ದಿನ ನನಗೆ ರಾತ್ರಿಯಿಡೀ ನಿದ್ದೆ ಬರಲಿಲ್ಲ. ಜಾರ್ಜ್ ವ್ಯಾಲೇಸ್ ಎಂಬಾತ ಅಲ್ಲಿ ಗವರ್ನರ್. ಕರಿಯರ ಮಕ್ಕಳು ಬಿಳಿಯರ ಶಾಲೆಗೆ ಬರಬಾರದೆಂದು ಹಟ ಹಿಡಿದವನು. ಒಬ್ಬರೇ ಎರಡು ಅವಧಿ ಸಾಲಾಗಿ ಇರುವಂತಿಲ್ಲ ಎಂಬ ಕಾನೂನಿನಿಂದಾಗಿ 1966ರಲ್ಲಿ ಅವನು ನಿಲ್ಲುವಂತಿರಲಿಲ್ಲ. ಹೆಂಡತಿ ಲರ್ಲೀನಳನ್ನು ನಿಲ್ಲಿಸಿದ. ಅವಳು ಭಾರಿ ಬಹುಮತದಿಂದ ಗೆದ್ದಳು. ಅವಳಿಗೆ ಕ್ಯಾನ್ಸರ್ ಇರುವ ಸಂಶಯವನ್ನು ಡಾಕ್ಟರು 1961ರಲ್ಲೇ ಗಂಡನಿಗೆ ಹೇಳಿದ್ದರು; ಅವನು ಅವಳಿಗೆ ಹೇಳಿರಲಿಲ್ಲ. ಅಧಿಕಾರ ವಹಿಸಿಕೊಂಡ ಮರುವರ್ಷ, 1968ರ ಮೇ ತಿಂಗಳಲ್ಲಿ, 41ನೆಯ ವಯಸ್ಸಿನಲ್ಲಿ ಅವಳು ತೀರಿಕೊಂಡಳು. ಮುಂದೆ ಕಾನೂನು ಬದಲಾಯಿತು, ವ್ಯಾಲೇಸ್ ಮತ್ತೆ ಮೂರು ಸಲ ಗೆದ್ದ. ಗಂಡನ ಕುರ್ಚಿಗೆ ಹೆಂಡತಿಯನ್ನು ಕೂರಿಸುವುದು ನಮ್ಮ ಕಡೆಯ ಗಂಡಸರು ಕಂಡುಹಿಡಿದದ್ದೆಂದು ತಿಳಿದಿದ್ದೆ. ಮಿತಿ ಹಾಕಿದರೂ ಮನೆಯೊಳಗೊಂದು ಕಿಟಕಿ ತೆರೆದಿರುತ್ತದೆ, ಅದರೊಳಗಿಂದ ತೂರಿಸಲು ಒಬ್ಬ ಹೆಂಗಸು ಸಿಗುತ್ತಾಳೆ.

ಈಗ ಅತ್ತಿಗೆಯ ವಿಷಯಕ್ಕೆ ಬರುತ್ತೇನೆ. ಅಣ್ಣ ಆಗ ಜಿಲ್ಲೆಯ ಬೇರೊಂದು ಊರಿನಲ್ಲಿ ಅಂಗಡಿ ಇಟ್ಟಿದ್ದ. ಆ ಊರಿನ ಹೆಸರು ಇಲ್ಲಿ ಬೇಡ. ಕಥೆಯಲ್ಲಿರುವವರು ಇನ್ನೂ ಮದುವೆ ಮುಂಜಿಗಳಲ್ಲಿ ಎದುರಾಗುತ್ತಾರೆ.

ಕರ್ನಾಟಕದಲ್ಲಿ ಪಂಚಾಯತಿಗಳಲ್ಲಿ ಹೆಂಗಸರಿಗೆ ಕಾಲು ಭಾಗ ಜಾಗ ಮೀಸಲಾಗಿ ಚುನಾವಣೆ ನಡೆದದ್ದು 1987ರಲ್ಲಿ, ಅಬ್ದುಲ್ ನಜೀರ್ ಸಾಹೇಬರು ಮಂತ್ರಿಯಾಗಿದ್ದಾಗ. ಹಳ್ಳಿಹಳ್ಳಿಗೂ ಬೋರ್‌ವೆಲ್ ಹಾಕಿಸಿ 'ನೀರ್ ಸಾಬ್' ಎನ್ನಿಸಿಕೊಂಡವರು ಅವರೇ. ಆಮೇಲೆ 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73 ಮತ್ತು 74ನೆಯ ತಿದ್ದುಪಡಿಗಳಿಂದ ಇಡೀ ದೇಶದ ಪಂಚಾಯತಿ, ಪುರಸಭೆಗಳಲ್ಲಿ ಕನಿಷ್ಠ ಮೂರನೇ ಒಂದು ಭಾಗ ನಮ್ಮದಾಯಿತು. ಆ ಅಲೆಯಲ್ಲಿ, ತೊಂಬತ್ತರ ದಶಕದ ನಡುವಿನಲ್ಲಿ, ಅತ್ತಿಗೆಯ ವಾರ್ಡು ಮಹಿಳೆಗೆ ಬಂತು. ಬೀದಿಯವರೆಲ್ಲ ಬಂದು ಅಣ್ಣನ ಮುಂದೆ ಕೂತರು. ಅತ್ತಿಗೆಯನ್ನು ಕೇಳಿದವರು ಕಡಿಮೆ. ಒಳಗೆ ದೋಸೆ ಹುಯ್ಯುತ್ತಿದ್ದ ಅತ್ತಿಗೆ ಸಟ್ಟುಗ ಹಿಡಿದುಕೊಂಡೇ ಬಂದು, "ನಿಲ್ತೀನಿ. ಆದ್ರೆ ಮೀಟಿಂಗಿಗೆ ನಾನೇ ಹೋಗೋದು, ನಿಮ್ಮಣ್ಣ ಅಲ್ಲ" ಎಂದರಂತೆ. (ಇದನ್ನು ನನಗೆ ಹೇಳುವಾಗ ಅಣ್ಣ 'ನಿಮ್ಮಣ್ಣ' ಆಗಿಬಿಡುತ್ತಾನೆ.)

ಮೊದಲ ವರ್ಷ ಏನೂ ತಿಳಿಯಲಿಲ್ಲ ಎಂದು ಅವರೇ ಒಪ್ಪಿಕೊಳ್ಳುತ್ತಾರೆ. ನಡಾವಳಿ ಎಂದರೇನು, ಅಂದಾಜು ಪಟ್ಟಿ ಎಂದರೇನು, ಯಾವ ಕಾಗದಕ್ಕೆ ಯಾರ ಸಹಿ. ಎರಡನೆಯ ವರ್ಷ ಮಾತಾಡಿದರೆ ಮೇಜಿನ ಆಚೆಯವರು ನಗುತ್ತಿದ್ದರು. ಮೂರನೆಯ ವರ್ಷ ನಗು ನಿಂತಿತು. ಅವರ ವಾರ್ಡಿನ ಹಿಂದಿನ ಎರಡು ಸಾಲು ಮನೆಗಳಿಗೆ ನಲ್ಲಿ ಇರಲಿಲ್ಲ. ಹೆಂಗಸರು ಹೆದ್ದಾರಿ ದಾಟಿ ನೀರು ತರಬೇಕಿತ್ತು. ಅತ್ತಿಗೆ ಹಿಡಿದದ್ದು ಅದೊಂದೇ ಕೆಲಸ. ನಾಲ್ಕನೆಯ ವರ್ಷ ಮಂಜೂರಾಯಿತು. ಐದನೆಯ ವರ್ಷದ ಕೊನೆಗೆ ಪೈಪುಗಳು ಬಂದು ರಸ್ತೆ ಪಕ್ಕ ಬಿದ್ದವು. ಅಷ್ಟರಲ್ಲಿ ಮುಂದಿನ ಚುನಾವಣೆಯ ಮೀಸಲು ಪಟ್ಟಿ ಬಂತು. ವಾರ್ಡು ಜನರಲ್.

ಜನರಲ್ ಎಂದರೆ ಹೆಂಗಸರು ನಿಲ್ಲಬಾರದು ಎಂದೇನೂ ಕಾನೂನಿನಲ್ಲಿಲ್ಲ. ಆದರೆ ಅತ್ತಿಗೆ ಟಿಕೆಟ್ ಕೇಳಲು ಹೋದಾಗ, "ನಿಮ್ಮ ಪಾಳಿ ಆಯ್ತಲ್ಲಮ್ಮ, ಈಗ ಗಂಡಸರಿಗೆ ಬಿಡಿ" ಎಂದರು. ಪಾಳಿ! ನೀರಿನ ಕೊಳಾಯಿ ಮುಂದೆ ಕೊಡ ಇಟ್ಟು ನಿಂತವರ ಹಾಗೆ. ಹೊಸದಾಗಿ ಗೆದ್ದವರಿಗೆ ಆ ಪೈಪಿನ ಕಥೆ ಬೇಕಿರಲಿಲ್ಲ. ವರ್ಷಗಟ್ಟಲೆ ಮಕ್ಕಳು ಅದರೊಳಗೆ ತೂರಿ ಕಣ್ಣಾಮುಚ್ಚಾಲೆ ಆಡಿದರು. ನೀರು ಬಂದದ್ದು ಅಣ್ಣ ಅತ್ತಿಗೆ ಅಂಗಡಿ ಮುಚ್ಚಿ ಭದ್ರಾವತಿಗೆ ವಾಪಸು ಬಂದ ಮೇಲೆ.

"ಸೋತಿದ್ರೆ ನಂಗೆ ಬೇಜಾರಿರ್ತಿರಲಿಲ್ಲ ಕಣೇ" ಎಂದು ಅತ್ತಿಗೆ ಒಮ್ಮೆ ಅಂದಿದ್ದರು. "ಜನ ಬೇಡ ಅಂದ್ರೆ ಮನೆಗೆ ಬರೋದು ಸರಿ. ನನ್ನನ್ನ ಯಾರೂ ಬೇಡ ಅನ್ನಲಿಲ್ಲ. ಕೇಳಲೇ ಇಲ್ಲ."

ಅಪ್ಪನ ಉತ್ತರದಲ್ಲಿ ಎಲ್ಲೋ ತೂತಿದೆ ಎಂದು ನನಗೆ ಹೊಳೆದದ್ದು ಆಗ. ರಾಜ್ಯ ಆಳುವವರಿಗೆ ನಾವು ಯಾವ ಗಡುವನ್ನೂ ಇಟ್ಟಿಲ್ಲ. ಗಡುವು ಇಟ್ಟಿರುವುದು ವಾರ್ಡಿನ ಹೆಣ್ಣುಮಗಳಿಗೆ. ಅದನ್ನು ಗಡುವು ಎಂದು ಕರೆಯುವುದಿಲ್ಲ, 'ಆವರ್ತನ ಪದ್ಧತಿ' ಎನ್ನುತ್ತಾರೆ. ಸಂವಿಧಾನದಲ್ಲಿ ಮೀಸಲು ಸ್ಥಾನಗಳನ್ನು ಆವರ್ತನೆಯಿಂದ ಬೇರೆ ಬೇರೆ ಕ್ಷೇತ್ರಗಳಿಗೆ ಹಂಚಬಹುದು ಎಂದಿದೆಯೇ ಹೊರತು, ಪ್ರತಿ ಐದು ವರ್ಷಕ್ಕೂ ತಿರುಗಿಸಲೇಬೇಕು ಎಂದಿಲ್ಲ. ತಮಿಳುನಾಡಿನವರು ಹತ್ತು ವರ್ಷಕ್ಕೊಮ್ಮೆ ತಿರುಗಿಸುವ ನಿಯಮ ಮಾಡಿಕೊಂಡರು. ನಮ್ಮಲ್ಲಿಯೂ ಗ್ರಾಮ ಪಂಚಾಯತಿಗಳಿಗೆ 2015ರಲ್ಲಿ ಹತ್ತು ವರ್ಷದ ನಿಯಮ ತಂದು, ಅಧ್ಯಕ್ಷರಿಗೂ ಪೂರ್ತಿ ಐದು ವರ್ಷ ಕೊಟ್ಟಿದ್ದರು. 2020ರಲ್ಲಿ ಅದನ್ನು ಹಿಂದಕ್ಕೆ ತೆಗೆದುಕೊಂಡು, ಸ್ಥಾನಕ್ಕೆ ಐದು ವರ್ಷ, ಅಧ್ಯಕ್ಷಗಿರಿಗೆ ಮೂವತ್ತು ತಿಂಗಳು ಎಂದು ಮಾಡಿದರು.

ಅದೇ ವಿಧಾನಸಭೆಯ ಮೀಸಲು ಕ್ಷೇತ್ರಗಳನ್ನು ನೋಡಿ. ಭದ್ರಾವತಿ ತಾಲ್ಲೂಕಿನ ಹೊಳೆಹೊನ್ನೂರು ಪರಿಶಿಷ್ಟ ಜಾತಿಯವರಿಗೆ ಮೀಸಲಾದ ಕ್ಷೇತ್ರವಾಗಿತ್ತು. 2008ರಲ್ಲಿ ಕ್ಷೇತ್ರಗಳ ಮರುವಿಂಗಡಣೆಯಾಗಿ ಅದು ಇಲ್ಲವಾಗುವವರೆಗೆ ಚುನಾವಣೆಯಿಂದ ಚುನಾವಣೆಗೆ ಹಾಗೆಯೇ ಇತ್ತು. ಗೆದ್ದವರಿಗೆ ಮತ್ತೆ ನಿಲ್ಲಲು, ಸೋತವರಿಗೆ ಮತ್ತೆ ಪ್ರಯತ್ನಿಸಲು ಅವಕಾಶವಿತ್ತು. ವಿಧಾನಸಭೆ, ಲೋಕಸಭೆಗಳಲ್ಲಿ ಹೆಂಗಸರಿಗೆ ಮೂರನೇ ಒಂದು ಭಾಗ ಕೊಡುವ ಕಾಯ್ದೆಯನ್ನು 2023ರಲ್ಲಿ ಸಂಸತ್ತು ಒಪ್ಪಿತಲ್ಲ, ಅದರಲ್ಲೂ ಸ್ಥಾನಗಳು ತಿರುಗುವುದು ಪ್ರತಿ ಮರುವಿಂಗಡಣೆಯ ನಂತರ ಎಂದು ಬರೆದಿದ್ದಾರೆ, ಪ್ರತಿ ಚುನಾವಣೆಗಲ್ಲ. ಮೇಲಿನ ಮನೆಯವರಿಗೆ ಬೇರೆ ಗಡಿಯಾರ, ಕೆಳಗಿನ ಮನೆಯವರಿಗೆ ಬೇರೆ ಗಡಿಯಾರ.

ಶಿವಮೊಗ್ಗದಲ್ಲಿ ಈ ಕೆಳಗಿನ ಗಡಿಯಾರ ಓಡಿದ್ದನ್ನು ಕಣ್ಣಾರೆ ಕಂಡೆ. 2018ರಲ್ಲಿ ಆರಿಸಿಬಂದ ಮಹಾನಗರ ಪಾಲಿಕೆಯಲ್ಲಿ ಲತಾ ಗಣೇಶ್, ಸುವರ್ಣಾ ಶಂಕರ್, ಸುನೀತಾ ಅಣ್ಣಪ್ಪ ಎಂದು ಮೂವರು ಹೆಂಗಸರು ಒಬ್ಬರಾದ ಮೇಲೊಬ್ಬರು ಮೇಯರ್ ಆದರು. ಮೂರು ಫೋಟೋ ಪೇಪರಿನಲ್ಲಿ ನೋಡಿ ನಮ್ಮ ಮಹಿಳಾ ಸಮಾಜದಲ್ಲಿ ಸಂಭ್ರಮವೋ ಸಂಭ್ರಮ. ಆದರೆ ಮೇಯರ್ ಅವಧಿ ಒಂದೇ ವರ್ಷ. ಹೊಸ ಸೊಸೆಗೆ ಅಡುಗೆಮನೆಯ ಡಬ್ಬಗಳ ಗುರುತು ಹತ್ತಲು ಒಂದು ವರ್ಷ ಬೇಕು. ಲಕ್ಷಾಂತರ ಜನರ ಊರಿನ ಬಜೆಟ್ ಕೈಗೆ ಹತ್ತಲು ಎಷ್ಟು ಬೇಕು? ಆ ಪಾಲಿಕೆಯ ಅವಧಿ 2023ರಲ್ಲಿ ಮುಗಿಯಿತು. ಚುನಾವಣೆಯಾಗದೆ ಆಡಳಿತಾಧಿಕಾರಿಗಳ ಕೈಗೆ ಹೋಯಿತು. ಜಿಲ್ಲಾ ಪಂಚಾಯತಿಯದೂ ಇದೇ ಕಥೆ. 2021ರಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಆರಿಸಿಬಂದವರ ಗಡುವು ತಪ್ಪದೆ ಮುಗಿಯಿತು, ಆರಿಸುವವರ ಸರದಿ ಮಾತ್ರ ಬರಲಿಲ್ಲ.

ಇಷ್ಟೆಲ್ಲ ಹೇಳಿದೆನಾದರೂ ಒಂದು ಮಾತು ನನ್ನನ್ನು ಕುಟುಕುತ್ತದೆ. ವಾರ್ಡು ತಿರುಗದೇ ಇದ್ದಿದ್ದರೆ ಅತ್ತಿಗೆಯ ವಾರ್ಡು ಅತ್ತಿಗೆಗೆ ಬರುತ್ತಲೇ ಇರಲಿಲ್ಲವೇನೋ. ಅವರು ಮನೆಗೆ ಬಂದ ವರ್ಷವೇ ಪಕ್ಕದ ವಾರ್ಡು ಮಹಿಳೆಗೆ ಬಂದು, ಬೀಡಿ ಕಟ್ಟುತ್ತಿದ್ದ ಒಬ್ಬಾಕೆ ಗೆದ್ದಳು. ಅವಳಿಗೆ ನಡಾವಳಿ, ಅಂದಾಜು ಪಟ್ಟಿಗಳನ್ನೆಲ್ಲ ಬಿಡಿಸಿ ಹೇಳಿಕೊಟ್ಟವರು ಅತ್ತಿಗೆಯೇ, ನಮ್ಮ ಅಡುಗೆಮನೆಯಲ್ಲಿ ಕೂರಿಸಿಕೊಂಡು. ತಿರುಗುವುದೇ ತಪ್ಪು ಎಂದು ನಾನು ಹೇಗೆ ಹೇಳಲಿ? ಕಲಿತವಳು ಕಲಿತದ್ದನ್ನು ಬಳಸುವಷ್ಟು ಹೊತ್ತು, ಅಂದರೆ ಎರಡು ಅವಧಿಯಾದರೂ ಕೊಡಿ ಎನ್ನುತ್ತೇನೆ. ಹಾಗೆಯೇ ಆ ಎರಡು ಅವಧಿಯ ಲೆಕ್ಕವನ್ನು ವಿಧಾನಸೌಧದ ಮೆಟ್ಟಿಲಿನ ಮೇಲೂ ಬರೆಯಿರಿ, ಎರಡಲ್ಲದಿದ್ದರೆ ಮೂರಾಗಲಿ. ಒಳ್ಳೆಯವರನ್ನು ಕಳಕೊಳ್ಳುತ್ತೇವೆ ಎಂದು ಗಂಡಸರು ವಾದಿಸುತ್ತಾರೆ. ಮಿತಿ ಹಾಕಿದರೆ ಅನುಭವವೆಲ್ಲ ಅಧಿಕಾರಿಗಳ ಕೈಯಲ್ಲಿ ಉಳಿದು ಶಾಸಕರು ಹೊಸಬರಾಗಿಯೇ ಇರುತ್ತಾರೆ ಎಂದು ಅಮೆರಿಕದಲ್ಲಿ ಟೀಕಿಸಿದವರಿದ್ದಾರೆ ಎಂದೂ ನನ್ನ ಯಜಮಾನರು ಪೇಪರು ಮಡಿಸುತ್ತ ಹೇಳಿದರು. ಆ ವಾದವನ್ನು ಅತ್ತಿಗೆಯ ವಿಷಯದಲ್ಲಿ ಯಾರೂ ಹೇಳಿದ್ದು ಕೇಳಲಿಲ್ಲವಲ್ಲ ಎಂದೆ. ಅವರು ಪೇಪರು ಬಿಡಿಸಿ ಮತ್ತೆ ಓದತೊಡಗಿದರು.

ಮೊನ್ನೆ ಭದ್ರಾವತಿಗೆ ಹೋಗಿದ್ದಾಗ ಹಂಡೆಯ ಮುಚ್ಚಳದ ಒಂದು ಮೂಲೆ ತುಕ್ಕು ಹಿಡಿದು ಮುರಿದಿತ್ತು. "ಹೊಸದು ತರೋಣ ಅತ್ತಿಗೆ, ಸ್ಟೀಲಿಂದು" ಎಂದೆ. ಬೇಡ ಎಂದರು. "ಇಲ್ಲೂ ಯಾವ್ದೋ ವಾರ್ಡು ಮಹಿಳೆಗೆ ಬರುತ್ತೆ, ಬಣ್ಣ ಹೊಡೆಸಿ ಗೇಟಿಗೆ ಹಾಕ್ಬಹುದು" ಎಂದು ಅಣ್ಣ ಜಗಲಿಯಿಂದ ತಮಾಷೆ ಮಾಡಿದ. ಅತ್ತಿಗೆಗೆ ಈಗ ಅರವತ್ತೆಂಟು. ಅವರು ಸೆರಗಿನಿಂದ ಮುಚ್ಚಳದ ಮಸಿ ಒರೆಸಿ, ಹೆಸರಿನ ಭಾಗ ಮೇಲೆ ಬರುವ ಹಾಗೆ ಇಟ್ಟು, "ಪಟ್ಟಿ ಬಂದಾಗ ಹೇಳಿ, ನೋಡೋಣ" ಎಂದು ಒಲೆಗೆ ಇನ್ನೆರಡು ಸೌದೆ ದೂಡಿದರು.